ದ್ವೀಪದಲ್ಲಿ ವಾಸ, ವಿದೇಶಕ್ಕೆ ಪಯಣ: ಯಾವ ಸಿಮ್, ಯಾವ ಫೋನ್?

ಅಂಡಮಾನಿಗೆ ವರ್ಗವಾಗಿದೆ, ಯಾವ ಸಿಮ್ ಒಯ್ಯಲಿ? ಈಗಿರುವ ಫೋನ್ ಲಕ್ಷದ್ವೀಪದಲ್ಲಿ ನಡೆಯುತ್ತದೆಯೇ? ಅಲ್ಲಿಂದಲೇ ಮಗಳನ್ನು ನೋಡಲು ಸಿಂಗಪುರಕ್ಕೆ ಹೋಗಬೇಕು, ಬ್ಯಾಂಕಿನ ಒಟಿಪಿ ಬರುತ್ತದೆಯೇ? ಬ್ಯಾಂಕ್ ನೌಕರರು, ನೌಕಾಪಡೆಯ ಕುಟುಂಬದವರು, ಡೈವಿಂಗ್ ಕೆಲಸಕ್ಕೆ ಹೊರಟ ಯುವಕರು ಎಲ್ಲರೂ ಕೇಳುವುದು ಇವನ್ನೇ. ಪ್ರತಿಯೊಬ್ಬರಿಗೂ ತುಂಡುತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ.

ಹೆಚ್ಚಿನವರು ಮೊದಲು ಫೋನ್ ಕೊಳ್ಳುತ್ತಾರೆ, ಆಮೇಲೆ ಸಿಮ್ ಹಾಕುತ್ತಾರೆ, ಕೊನೆಗೆ ಸಿಗ್ನಲ್ ಇದೆಯೇ ಎಂದು ನೋಡುತ್ತಾರೆ. ಬೆಂಗಳೂರಿನಲ್ಲಿ ಈ ಕ್ರಮ ನಡೆಯುತ್ತದೆ. ದ್ವೀಪದಲ್ಲಿ ಇದನ್ನು ತಲೆಕೆಳಗು ಮಾಡಬೇಕು. ಮೊದಲು ನೀವು ಇರುವ ದ್ವೀಪ, ನಂತರ ಅಲ್ಲಿ ಟವರ್ ಇರುವ ಕಂಪನಿ, ಆ ಕಂಪನಿಯ ತರಂಗಗಳನ್ನು ಹಿಡಿಯಬಲ್ಲ ಫೋನ್ ಕೊನೆಯಲ್ಲಿ.

1. ನಿಮ್ಮ ದ್ವೀಪಕ್ಕೆ ಸಂಪರ್ಕ ಹೇಗೆ ಬರುತ್ತದೆ ಎಂದು ತಿಳಿಯಿರಿ

ಫೋನಿನಲ್ಲಿ ಸಿಗ್ನಲ್ ಪೂರ್ತಿ ಕಾಣುತ್ತಿದ್ದರೂ ಒಂದು ಪುಟ ತೆರೆಯದಿರುವುದು ದ್ವೀಪದಲ್ಲಿ ಸಾಮಾನ್ಯ. ಸಿಗ್ನಲ್ ಎಂದರೆ ನಿಮ್ಮ ಫೋನಿಗೂ ಟವರಿಗೂ ನಡುವಿನ ಸಂಪರ್ಕ ಮಾತ್ರ. ಆ ಟವರಿನಿಂದ ಮುಖ್ಯಭೂಮಿಗೆ ದಾರಿ ಯಾವುದು ಎಂಬುದರ ಮೇಲೆ ವೇಗ ನಿಂತಿದೆ.

ಬಹುಕಾಲ ಈ ದಾರಿ ಉಪಗ್ರಹದ್ದಾಗಿತ್ತು. ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾದದ್ದು 2020ರ ಆಗಸ್ಟ್ 10ರಂದು. ಸುಮಾರು 2,300 ಕಿಲೋಮೀಟರ್ ಉದ್ದದ ಈ ಜಾಲ ಸ್ವರಾಜ್ ದ್ವೀಪ (ಹ್ಯಾವ್ಲಾಕ್), ಲಾಂಗ್ ಐಲೆಂಡ್, ರಂಗತ್, ಲಿಟಲ್ ಅಂಡಮಾನ್, ಕಾರ್ ನಿಕೋಬಾರ್, ಕಾಮೋರ್ಟಾ ಮತ್ತು ಗ್ರೇಟ್ ನಿಕೋಬಾರ್‌ಗಳನ್ನು ಮುಟ್ಟುತ್ತದೆ. ಕೇಬಲ್ ನೇರವಾಗಿ ಮುಟ್ಟದ ದ್ವೀಪಗಳಿಗೆ ರೇಡಿಯೊ ಕೊಂಡಿ ಅಥವಾ ಉಪಗ್ರಹವೇ ಆಧಾರ. ಲಕ್ಷದ್ವೀಪದಲ್ಲಿ ಕವರತ್ತಿ ಸೇರಿ ಹನ್ನೊಂದು ದ್ವೀಪಗಳನ್ನು ಕೊಚ್ಚಿಗೆ ಜೋಡಿಸಿದ ಕೇಬಲ್ 2024ರ ಜನವರಿ 3ರಂದು ಉದ್ಘಾಟನೆಯಾಯಿತು.

ಆದ್ದರಿಂದ ಹಳೆಯ ಪ್ರವಾಸಿಗರು ಹೇಳಿದ್ದನ್ನು ಹಾಗೆಯೇ ನಂಬಬೇಡಿ. 2019ರಲ್ಲಿ ಅಂಡಮಾನಿಗೆ ಹೋಗಿಬಂದವರು ಕಂಡ ಸ್ಥಿತಿ ಈಗಿಲ್ಲ. ಹಾಗೆಂದು ಇನ್ನು ಎಲ್ಲವೂ ಸರಿಯಾಗಿದೆ ಎಂಬ ಭರವಸೆಯೂ ಬೇಡ. ಕೇಬಲ್ಲಿಗೆ ಪೆಟ್ಟಾದ ದಿನ ಇಡೀ ದ್ವೀಪದ ಇಂಟರ್ನೆಟ್ ನಿಧಾನವಾಗುತ್ತದೆ. ಆಗ ಯಾವ ದುಬಾರಿ ಫೋನ್ ಇದ್ದರೂ ಪ್ರಯೋಜನವಿಲ್ಲ. ಮುಖ್ಯ ದಾಖಲೆಗಳು, ಟಿಕೆಟ್, ನಕ್ಷೆಗಳು ಫೋನಿನೊಳಗೇ ಉಳಿದಿರಲಿ.

ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕೆಂದು ಆದೇಶಿಸಿದೆ. ಅದನ್ನು ನೋಡಿ. ಆಮೇಲೆ ನೀವು ಹೋಗಲಿರುವ ಕಚೇರಿಗೆ ಕರೆ ಮಾಡಿ, ನೀವು ಇರಲಿರುವ ಮನೆಯ ಸುತ್ತ ಯಾವ ಸಿಮ್ ನಡೆಯುತ್ತದೆ ಎಂದು ಕೇಳಿ. ನಕ್ಷೆಗಿಂತ ಆ ಒಂದು ಕರೆಯನ್ನು ನಾನು ಹೆಚ್ಚು ನಂಬುತ್ತೇನೆ.

2. ಎರಡು ಕಂಪನಿಗಳ ಸಿಮ್ ಇಟ್ಟುಕೊಳ್ಳಿ. ಒಂದು ಬಿಎಸ್‌ಎನ್‌ಎಲ್ ಆಗಿರಲಿ

ಖಾಸಗಿ ಕಂಪನಿಗಳು ಜನ ಹೆಚ್ಚಿರುವ ದ್ವೀಪಗಳಲ್ಲಿ ಚೆನ್ನಾಗಿವೆ. ಪೋರ್ಟ್ ಬ್ಲೇರ್‌ನಲ್ಲಿ ಏರ್‌ಟೆಲ್ ಅಥವಾ ಜಿಯೊ ಇದ್ದವರಿಗೆ ದಿನನಿತ್ಯ ತೊಂದರೆ ಆಗುವುದಿಲ್ಲ. ಜನಸಂಖ್ಯೆ ಕಡಿಮೆಯಾದಂತೆ, ದೂರ ಹೆಚ್ಚಿದಂತೆ, ಉಳಿಯುವ ಟವರ್ ಹೆಚ್ಚಾಗಿ ಬಿಎಸ್‌ಎನ್‌ಎಲ್‌ನದು. ಅದರ ಸ್ವದೇಶಿ ತಂತ್ರಜ್ಞಾನದ 4ಜಿ ಜಾಲ ರಾಷ್ಟ್ರಮಟ್ಟದಲ್ಲಿ ಲೋಕಾರ್ಪಣೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಆದ್ದರಿಂದ ಬಿಎಸ್‌ಎನ್‌ಎಲ್ ಎಂದರೆ ಕರೆ ಮಾತ್ರ ಎಂಬ ಹಳೆಯ ಮಾತನ್ನೂ ಮರುಪರಿಶೀಲಿಸಬೇಕು. ವಿ (ವೊಡಾಫೋನ್ ಐಡಿಯಾ) ಕಂಪನಿಯ ಸಿಮ್ ಇರುವವರು ನಿಮ್ಮ ದ್ವೀಪದಲ್ಲಿ ಅದು ಇದೆಯೇ ಎಂದು ವಿಚಾರಿಸದೆ ಹೊರಡಬೇಡಿ.

ಒಂದೇ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳುವವರಿದ್ದಾರೆ. ಟವರ್ ಕೆಟ್ಟರೆ ಎರಡೂ ಒಟ್ಟಿಗೆ ಸಾಯುತ್ತವೆ.

ಇಲ್ಲಿ ‘ವೃತ್ತ’ ಎಂಬ ಪದ ಅರ್ಥವಾಗಬೇಕು. ಮೊಬೈಲ್ ಸೇವೆಗಾಗಿ ದೇಶವನ್ನು ಭಾಗ ಮಾಡಿರುವ ವಲಯವೇ ವೃತ್ತ. ಖಾಸಗಿ ಕಂಪನಿಗಳಿಗೆ ಅಂಡಮಾನ್ ಮತ್ತು ನಿಕೋಬಾರ್ ಪಶ್ಚಿಮ ಬಂಗಾಳ ವೃತ್ತಕ್ಕೆ ಸೇರಿದೆ, ಲಕ್ಷದ್ವೀಪ ಕೇರಳ ವೃತ್ತಕ್ಕೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಇಂದಿಗೂ ಸರಕು ಹೋಗುತ್ತದೆ. ಆದರೂ ಮೊಬೈಲ್ ಲೆಕ್ಕದಲ್ಲಿ ಕರ್ನಾಟಕದ ಸಿಮ್ ಅಲ್ಲಿ ಹೊರಗಿನದೇ.

ಕರ್ನಾಟಕದ ಸಿಮ್ ದ್ವೀಪದಲ್ಲೂ ನಡೆಯುತ್ತದೆ. ಕರೆ, ಡೇಟಾಕ್ಕೆ ತೊಡಕಿಲ್ಲ. ತೊಂದರೆ ಬರುವುದು ಸಿಮ್ ಕಳೆದಾಗ ಅಥವಾ ಕೆಟ್ಟಾಗ. ಬೇರೆ ವೃತ್ತದ ಅಂಗಡಿಯಲ್ಲಿ ಬದಲಿ ಸಿಮ್ ಪಡೆಯುವುದು ಕಷ್ಟವಾಗಬಹುದು. ಎರಡು ಮೂರು ವರ್ಷ ಇರುವವರು ಒಂದು ಸ್ಥಳೀಯ ಸಿಮ್ ಕೊಳ್ಳಿ. ಬ್ಯಾಂಕಿಗೆ, ಆಧಾರ್‌ಗೆ ಜೋಡಿಸಿದ ಕರ್ನಾಟಕದ ಸಂಖ್ಯೆಯನ್ನು ಬಿಡಬೇಡಿ.

ಆ ಹಳೆಯ ಸಂಖ್ಯೆಗೆ ದ್ವೀಪದಲ್ಲಿ ಸಿಗ್ನಲ್ ಸಿಗದಿದ್ದರೆ ಸಂಖ್ಯೆ ಬದಲಿಸದೆ ಕಂಪನಿ ಬದಲಿಸಬಹುದು. ಇದನ್ನೇ ಪೋರ್ಟ್ ಎನ್ನುವುದು. ‘ಪೋರ್ಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಒಂದು ಅಕ್ಷರದ ಜಾಗ ಬಿಟ್ಟು ನಿಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಒಂದು ಕೋಡ್ ಬರುತ್ತದೆ. ಸಾಮಾನ್ಯವಾಗಿ ಅದಕ್ಕೆ ನಾಲ್ಕು ದಿನ ಆಯುಸ್ಸು. ಈ ಕೆಲಸವನ್ನು ಊರಿನಲ್ಲೇ, ಹೊರಡುವ ಒಂದು ತಿಂಗಳ ಮುಂಚೆ ಮುಗಿಸಿ.

3. ಫೋನ್ ಆರಿಸುವಾಗ ಬ್ಯಾಂಡ್ ನೋಡಿ

ಅಂಗಡಿಯಲ್ಲಿ ಕ್ಯಾಮೆರಾ, ಪರದೆ, ಮೆಮೊರಿಯ ಬಗ್ಗೆ ಹೇಳುತ್ತಾರೆ. ಬ್ಯಾಂಡ್ ಬಗ್ಗೆ ಯಾರೂ ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ದ್ವೀಪವಾಸಿಗೆ, ವಿದೇಶಕ್ಕೆ ಹೋಗುವವರಿಗೆ ಮುಖ್ಯವಾದದ್ದು ಅದೇ.

ಬ್ಯಾಂಡ್ ಎಂದರೆ ಟವರ್ ಮತ್ತು ಫೋನ್ ಮಾತನಾಡಿಕೊಳ್ಳುವ ರೇಡಿಯೊ ತರಂಗಗಳ ಒಂದು ನಿಗದಿತ ಗುಂಪು. ಪ್ರತಿ ಗುಂಪಿಗೂ ಒಂದು ಸಂಖ್ಯೆ ಇದೆ. ಟವರ್ ಬಳಸುವ ಬ್ಯಾಂಡ್ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಟವರಿನ ಬುಡದಲ್ಲಿ ನಿಂತರೂ ಸಿಗ್ನಲ್ ಬರುವುದಿಲ್ಲ.

ಕಡಿಮೆ ಆವರ್ತನದ ತರಂಗ ದೂರ ಹೋಗುತ್ತದೆ, ಗೋಡೆ ಮತ್ತು ಮರಗಳನ್ನು ದಾಟಿ ಬರುತ್ತದೆ. 700 ಮೆಗಾಹರ್ಟ್ಸ್‌ನ ಬ್ಯಾಂಡ್ 28, 850ರ ಬ್ಯಾಂಡ್ 5, 900ರ ಬ್ಯಾಂಡ್ 8 ಈ ಜಾತಿಯವು. ದಟ್ಟ ಕಾಡಿನ ಅಂಡಮಾನಿನಲ್ಲಿ, ಟವರ್ ದೂರವಿರುವ ತೀರದಲ್ಲಿ ಇವು ಬೇಕೇ ಬೇಕು. ಹೆಚ್ಚಿನ ಆವರ್ತನದ ಬ್ಯಾಂಡ್ 40 ಹತ್ತಿರದಲ್ಲಿ ವೇಗ ಕೊಡುತ್ತದೆ, ದೂರಕ್ಕೆ ತಲುಪುವುದಿಲ್ಲ.

ಅತ್ಯಂತ ಸಾಮಾನ್ಯವಾದ ತಪ್ಪು ಇಲ್ಲೇ ಆಗುತ್ತದೆ. ಬಿಎಸ್‌ಎನ್‌ಎಲ್ 4ಜಿಗೆ ಮುಖ್ಯವಾಗಿ ಬಳಸುವುದು ಬ್ಯಾಂಡ್ 28 ಮತ್ತು ಬ್ಯಾಂಡ್ 1. ಆದರೆ ಭಾರತದ ಮಾರುಕಟ್ಟೆಗೆಂದು ಬಂದ ಅನೇಕ ಅಗ್ಗದ ಫೋನ್‌ಗಳಲ್ಲಿ, ಅದರಲ್ಲೂ ಕೆಲವು ವರ್ಷ ಹಳೆಯವುಗಳಲ್ಲಿ, 1, 3, 5, 8, 40, 41 ಮಾತ್ರ ಇರುತ್ತವೆ, 28 ಇರುವುದಿಲ್ಲ. ಅಂಥ ಫೋನ್ ಹಿಡಿದವರು ಜಾಲವೇ ಕೆಟ್ಟದ್ದೆಂದು ಸಿಮ್ ಬದಲಿಸುತ್ತಾರೆ. ಬದಲಿಸಬೇಕಾದದ್ದು ಫೋನ್.

ಪರಿಶೀಲಿಸುವುದು ಕಷ್ಟವಲ್ಲ. ಪೆಟ್ಟಿಗೆಯ ಮೇಲಿರುವ ಮಾದರಿ ಸಂಖ್ಯೆಯನ್ನು ಪೂರ್ತಿಯಾಗಿ, ಕೊನೆಯ ಅಕ್ಷರವೂ ಬಿಡದಂತೆ ಬರೆದುಕೊಳ್ಳಿ. ತಯಾರಕರ ಜಾಲತಾಣದಲ್ಲಿ ಅದೇ ಸಂಖ್ಯೆಯ ತಾಂತ್ರಿಕ ವಿವರ ತೆರೆಯಿರಿ. ಒಂದೇ ಹೆಸರಿನ ಫೋನ್ ಭಾರತದಲ್ಲಿ ಒಂದು ಬ್ಯಾಂಡ್ ಪಟ್ಟಿಯೊಂದಿಗೆ, ಅಮೆರಿಕದಲ್ಲಿ ಇನ್ನೊಂದರೊಂದಿಗೆ ಮಾರಾಟವಾಗುತ್ತದೆ. ಆದ್ದರಿಂದ ಹೆಸರು ನೋಡಿದರೆ ಸಾಲದು.

ದ್ವೀಪದ ಮಟ್ಟಿಗೆ 4ಜಿಯಲ್ಲಿ 1, 3, 5, 8, 28, 40 ಇರಲಿ. ವಿದೇಶದ ಲೆಕ್ಕ ಹೀಗಿದೆ. ಯುರೋಪಿಗೆ ಹೋಗುವವರಿಗೆ 20 ಮತ್ತು 7 ಇದ್ದರೆ ಒಳ್ಳೆಯದು. ಆಸ್ಟ್ರೇಲಿಯಾಕ್ಕೆ 28 ಮತ್ತು 3 ಮುಖ್ಯ. ಅಮೆರಿಕ ಬೇರೆಯೇ ಲೋಕ: ಅಲ್ಲಿ 2, 4, 12, 13, 66, 71 ಬಳಕೆಯಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಇಲ್ಲದ ಫೋನ್ ನ್ಯೂಜೆರ್ಸಿಯ ಪೇಟೆಯಲ್ಲಿ ಹೇಗೋ ನಡೆದೀತು, ಊರ ಹೊರಗೆ ಹೋದರೆ ಕೈಕೊಡುತ್ತದೆ.

ಇನ್ನೊಂದು ಪದ: ವೋಲ್ಟಿ. 4ಜಿ ಜಾಲದ ಮೇಲೆಯೇ ಕರೆ ಸಾಗಿಸುವ ವ್ಯವಸ್ಥೆ ಇದು. ಇದಿಲ್ಲದ ಫೋನಿನ ಕರೆ ಹೋಗಬೇಕಾದ 2ಜಿ, 3ಜಿ ಜಾಲಗಳನ್ನು ಅನೇಕ ದೇಶಗಳು ಮುಚ್ಚಿವೆ. ಸಿಂಗಪುರದಲ್ಲಿ 2ಜಿ 2017ರಲ್ಲೇ ನಿಂತಿತು. 3ಜಿ ನಿಲ್ಲಿಸುವ ಕೆಲಸ 2024ರ ಜುಲೈ ಕೊನೆಗೆ ಶುರುವಾಯಿತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಆಸ್ಟ್ರೇಲಿಯಾದಲ್ಲಿ ಕೊನೆಗೆ ಉಳಿದಿದ್ದ 3ಜಿ ಜಾಲಗಳನ್ನು 2024ರ ಅಕ್ಟೋಬರ್ 28ರಿಂದ ಮುಚ್ಚಲಾಯಿತು. 4ಜಿ ಮೂಲಕ ತುರ್ತು ಕರೆ ಮಾಡಲಾರದ ಫೋನ್‌ಗಳನ್ನು ಅಲ್ಲಿನ ಜಾಲಗಳು ತಡೆಯುತ್ತವೆ. ಆದ್ದರಿಂದ ಡೇಟಾ ಬರುತ್ತದೆ, ಕರೆ ಮಾತ್ರ ಹೋಗುವುದಿಲ್ಲ ಎಂಬ ಸ್ಥಿತಿ ಬರಬಹುದು. ಹೋಗುವ ದೇಶದ ಕಂಪನಿಯ ಜಾಲತಾಣದಲ್ಲಿ ಫೋನಿನ ಗುರುತು ಸಂಖ್ಯೆ ಹಾಕಿ ಪರೀಕ್ಷಿಸುವ ಪುಟ ಇದೆಯೇ ಎಂದು ಹುಡುಕಿ. ಆ ಸಂಖ್ಯೆಯೇ ಐಎಂಇಐ. *#06# ಒತ್ತಿದರೆ ಕಾಣುತ್ತದೆ.

ವಿದೇಶದ ಬಂಧುಗಳು ಕೊಡುವ ಫೋನ್ ಪಡೆಯುವ ಮುನ್ನ ಎರಡು ಪ್ರಶ್ನೆ ಕೇಳಿ. ಅದು ಯಾವುದಾದರೂ ಕಂಪನಿಗೆ ಬೀಗ ಹಾಕಿದ್ದೇ, ಅಂದರೆ ಬೇರೆ ಸಿಮ್ ಒಪ್ಪದ ಫೋನೇ? ಅದರಲ್ಲಿ ಸಿಮ್ ಹಾಕುವ ಜಾಗವಿದೆಯೇ? ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದ ಈಚೆಗೆ ಆ ಜಾಗವೇ ಇಲ್ಲ. ಅವು ಇ-ಸಿಮ್‌ನಿಂದ ಮಾತ್ರ ನಡೆಯುತ್ತವೆ. ಅಂದರೆ ಫೋನಿನೊಳಗಿನ ಚಿಪ್ಪಿಗೆ ಇಂಟರ್ನೆಟ್ ಮೂಲಕ ಇಳಿಸುವ ಸಿಮ್‌ನಿಂದ. ಬಿಎಸ್‌ಎನ್‌ಎಲ್ ಇ-ಸಿಮ್ ಕೊಡಲು ತೊಡಗಿದ್ದೇ 2025ರಲ್ಲಿ. ಚಿಕ್ಕ ದ್ವೀಪಕ್ಕೆ ಅಂಥ ಫೋನ್ ಬೇಡ. ಒಂದು ಸಾಮಾನ್ಯ ಸಿಮ್, ಒಂದು ಇ-ಸಿಮ್ ಎರಡನ್ನೂ ಒಪ್ಪುವ ಫೋನೇ ಸರಿ.

4. ಉಪ್ಪು, ನೀರು, ವಿದ್ಯುತ್

ಫೋನಿನ ನೀರು, ಹುಡಿ ತಡೆಯುವ ದರ್ಜೆ ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ ತಡೆಯುತ್ತದೆ ಎಂದರ್ಥ. ಐಪಿ68 ಅದಕ್ಕಿಂತ ಹೆಚ್ಚು ಆಳಕ್ಕೆ. ಆದರೆ ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಸಮುದ್ರದ ನೀರಿಗೆ ಆ ಭರವಸೆ ಅನ್ವಯಿಸುವುದಿಲ್ಲ, ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ದೋಣಿಯಲ್ಲಿ ನೀರು ನುಗ್ಗದ ಚೀಲ ಕಡ್ಡಾಯ. ಐಪಿ ದರ್ಜೆಯ ಫೋನಿಗೆ ಉಪ್ಪುನೀರು ಸಿಡಿದರೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒಣಗಲು ಬಿಡಿ. ಚಾರ್ಜಿಂಗ್ ಕಿಂಡಿ ಪೂರ್ತಿ ಒಣಗುವವರೆಗೆ ತಂತಿ ಚುಚ್ಚಬೇಡಿ. ಉಪ್ಪು ಮತ್ತು ವಿದ್ಯುತ್ ಸೇರಿದರೆ ಕಿಂಡಿಯ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಅಕ್ಕಿಯೊಳಗೆ ಹುಗಿಯುವುದೂ ಬೇಡ, ಹುಡಿ ಒಳಗೆ ಸೇರುತ್ತದೆ.

ಎರಡೂ ದ್ವೀಪಸಮೂಹಗಳಲ್ಲಿ ವಿದ್ಯುತ್ತಿನ ದೊಡ್ಡ ಪಾಲು ಡೀಸೆಲ್ ಜನರೇಟರುಗಳಿಂದ ಬರುತ್ತದೆ. ಪವರ್ ಬ್ಯಾಂಕ್ ಇರಲಿ. ವಿಮಾನದಲ್ಲಿ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್. 20,000ದ್ದು ಕೊಂಡರೆ ಚಿಂತೆಯಿಲ್ಲ. ಅದು ಕೈಚೀಲದಲ್ಲೇ ಇರಬೇಕು.

ಕಾಂಕ್ರೀಟ್ ಮನೆಯೊಳಗೆ ಸಿಗ್ನಲ್ ಸಿಗದವರು ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಫೋನಿನಲ್ಲಿ ವೈಫೈ ಕರೆಯ ಆಯ್ಕೆಯನ್ನು ತೆರೆದಿಡಿ. ಕರೆ ಟವರಿನ ಬದಲು ವೈಫೈ ಮೂಲಕ ಹೋಗುತ್ತದೆ.

5. ವಿದೇಶಕ್ಕೆ ಹೊರಡುವ ಎರಡು ವಾರ ಮುಂಚೆ

ವಿದೇಶದಲ್ಲಿ ಡೇಟಾ ಅಲ್ಲಿನ ಸಿಮ್‌ನಿಂದ ಬರಲಿ. ಭಾರತದ ಸಿಮ್ ಎಸ್‌ಎಂಎಸ್‌ಗಾಗಿ ಜೀವಂತವಾಗಿರಲಿ. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಅಗ್ಗದ, ನೆಮ್ಮದಿಯ ಏರ್ಪಾಡು ಇನ್ನೊಂದಿಲ್ಲ.

ಮೊದಲು ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ತೆರೆಸಿ. ರೋಮಿಂಗ್ ಎಂದರೆ ನಿಮ್ಮ ಸಿಮ್ ಬೇರೆ ದೇಶದ ಕಂಪನಿಯ ಟವರ್ ಬಳಸುವುದು. ಇದನ್ನು ತೆರೆಸದೆ ಹೋದರೆ ಅಲ್ಲಿ ಒಂದು ಒಟಿಪಿಯೂ ಬರುವುದಿಲ್ಲ. ಸಾಮಾನ್ಯವಾಗಿ ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ಹಣ ಹಿಡಿಯುವುದಿಲ್ಲ, ಬರುವ ಕರೆ ಎತ್ತಿದರೆ ಹಿಡಿಯುತ್ತಾರೆ. ನಿಮ್ಮ ಕಂಪನಿಯಿಂದ ಎರಡನ್ನೂ ಖಚಿತಪಡಿಸಿಕೊಳ್ಳಿ.

ಹೊರಡುವ ಹಿಂದಿನ ದಿನ ಸಿಮ್ ಬದಲಿಸಬೇಡಿ. ವಂಚನೆ ತಡೆಯಲೆಂದು, ಬದಲಿ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್‌ಎಂಎಸ್ ನಿಲ್ಲಿಸಿಡುವ ನಿಯಮವಿದೆ. ಸಾಮಾನ್ಯ ಸಿಮ್ ಅನ್ನು ಇ-ಸಿಮ್ ಮಾಡಿಸಿಕೊಂಡರೂ ಹೀಗಾಗಬಹುದು. 2024ರ ಜುಲೈಯಿಂದ, ಸಿಮ್ ಬದಲಿಸಿದ ಏಳು ದಿನ ಪೋರ್ಟ್ ಕೂಡ ಮಾಡಲಾಗದು. ಎರಡು ವಾರ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಹೊಸ ಫೋನ್ ಕೊಂಡಿದ್ದರೆ ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳನ್ನು ಭಾರತದಲ್ಲೇ ಅದರಲ್ಲಿ ಸ್ಥಾಪಿಸಿ. ನೋಂದಣಿಗೆ ಫೋನಿನೊಳಗಿನ ಭಾರತದ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು. ವಿದೇಶದಲ್ಲಿ ಅದು ವಿಫಲವಾಗುವ ಸಂಭವ ಹೆಚ್ಚು.

ಪ್ರಯಾಣದ ಇ-ಸಿಮ್ ಕೊಳ್ಳುವವರು ಮಾರುವ ಕಂಪನಿಗೆ ಭಾರತದ ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇದೆಯೇ ಎಂದು ನೋಡಿ. ಇ-ಸಿಮ್ ಇಳಿಸಿಕೊಳ್ಳಲು ಒಳ್ಳೆಯ ಇಂಟರ್ನೆಟ್ ಬೇಕು. ದ್ವೀಪದಿಂದ ಹೊರಡುವವರಲ್ಲಿ ಹೆಚ್ಚಿನವರು ಚೆನ್ನೈ, ಕೊಚ್ಚಿ, ಕೋಲ್ಕತ್ತ ಅಥವಾ ಬೆಂಗಳೂರು ದಾಟಿಯೇ ಹೋಗುವುದರಿಂದ ಅಲ್ಲಿನ ವೈಫೈ ಬಳಸಿ. ಇ-ಸಿಮ್ ಇಳಿಸಲು ಕೊಡುವ ಕ್ಯೂಆರ್ ಕೋಡ್ ಅನೇಕ ಸಲ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಏನೋ ಸರಿಯಿಲ್ಲವೆಂದು ಇ-ಸಿಮ್ ಅಳಿಸಿದರೆ ಕೊಟ್ಟ ಹಣ ಹೋಯಿತು.

ವಿಮಾನ ಇಳಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಭಾರತದ ಸಿಮ್‌ನ ಡೇಟಾ ರೋಮಿಂಗ್ ಮುಚ್ಚಿದೆಯೇ ಎಂದು ನೋಡಿ. ಜೊತೆಗೆ, ಒಂದು ಸಿಮ್‌ನ ಸಿಗ್ನಲ್ ಕುಗ್ಗಿದಾಗ ಡೇಟಾ ತಾನಾಗಿ ಇನ್ನೊಂದಕ್ಕೆ ಜಿಗಿಯುವ ಆಯ್ಕೆ ಇರುತ್ತದೆ. ಅದನ್ನೂ ಮುಚ್ಚಿ. ದೊಡ್ಡ ಬಿಲ್ ಬರುವುದು ಹೆಚ್ಚಾಗಿ ಈ ಎರಡನೆಯದರಿಂದ.

ತಿಂಗಳುಗಟ್ಟಲೆ ಹೊರಗಿರುವವರು ಪ್ರಿಪೇಯ್ಡ್ ಸಂಖ್ಯೆ ಉಳಿಸಿಕೊಳ್ಳುವುದನ್ನು ಮರೆಯಬಾರದು. ಟ್ರಾಯ್ ನಿಯಮದಂತೆ 90 ದಿನ ಬಳಸದ ಸಂಖ್ಯೆಯನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿಯಾದರೂ ಇದ್ದರೆ ಅದನ್ನು ಕಳೆದುಕೊಂಡು ಅವಧಿ ವಿಸ್ತರಿಸುತ್ತಾರೆ. ಸಂಖ್ಯೆ ಉಳಿದರೂ ಸೇವೆ ಉಳಿಯಲು ರೀಚಾರ್ಜ್ ಬೇಕು. 2024ರ ಡಿಸೆಂಬರ್‌ನ ತಿದ್ದುಪಡಿಯ ನಂತರ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್‌ಗಳು ಬಂದಿವೆ, ವಿಶೇಷ ಪ್ಯಾಕ್‌ಗಳ ಗರಿಷ್ಠ ಅವಧಿ 365 ದಿನಕ್ಕೆ ಏರಿದೆ. ಇಡೀ ವರ್ಷದ್ದನ್ನು ಹಾಕಿಸಿ ಹೊರಡಿ.

ಯುಎಇಗೆ ಹೋಗುವವರಿಗೆ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಇಂಟರ್ನೆಟ್ ಕರೆಗಳಿಗೆ ನಿರ್ಬಂಧವಿದೆ. ಕೆಲಸಕ್ಕೆಂದು ಇಂಡೊನೇಷ್ಯಾ ಅಥವಾ ಟರ್ಕಿಗೆ ಹೋಗುವವರು ಹೊರಗಿನಿಂದ ತಂದ ಫೋನಿನ ಐಎಂಇಐ ನೋಂದಣಿಯ ನಿಯಮ ತಿಳಿದಿರಲಿ. ಟರ್ಕಿಯಲ್ಲಿ ನೋಂದಾಯಿಸದ ಫೋನ್ ಸ್ಥಳೀಯ ಸಿಮ್‌ನೊಂದಿಗೆ 120 ದಿನದ ನಂತರ ನಿಲ್ಲುತ್ತದೆ.

6. ಹಡಗಿನಲ್ಲಿ, ಗಡಿಯಲ್ಲಿ, ಕಾಡಿನಲ್ಲಿ

ಪ್ರವಾಸಿ ಕ್ರೂಸ್ ಹಡಗುಗಳಲ್ಲಿ, ಕೆಲವು ವಿಮಾನಗಳಲ್ಲಿ ಉಪಗ್ರಹಕ್ಕೆ ಜೋಡಿಸಿದ ಪುಟ್ಟ ಮೊಬೈಲ್ ಜಾಲವಿರುತ್ತದೆ. ತೀರದ ಸಿಗ್ನಲ್ ಹೋದೊಡನೆ ಫೋನ್ ಅದಕ್ಕೆ ಅಂಟಿಕೊಳ್ಳುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್ ಇದಕ್ಕೆ ಅನ್ವಯಿಸುವುದಿಲ್ಲ, ದರ ಬಹಳ ಹೆಚ್ಚು. ಹಡಗು ಹೊರಟಾಗಲೇ ಫ್ಲೈಟ್ ಮೋಡ್ ಹಾಕಿ. ಧನುಷ್ಕೋಡಿಯಂಥ ಕಡೆ ಭಾರತದ ನೆಲದಲ್ಲಿದ್ದೇ ಫೋನ್ ಶ್ರೀಲಂಕಾದ ಜಾಲ ಹಿಡಿಯಬಹುದು. ನೆಟ್‌ವರ್ಕ್ ಆಯ್ಕೆಯನ್ನು ನೀವೇ ಮಾಡುವಂತೆ ಬದಲಿಸಿಟ್ಟರೆ ಆಯಿತು.

ಉಪಗ್ರಹ ಫೋನಿನ ಬಗ್ಗೆ ಬಹಳ ಎಚ್ಚರ ಬೇಕು. ಥುರಯಾ, ಇರಿಡಿಯಂ ಫೋನ್‌ಗಳು ವಿದೇಶದ ಅಂಗಡಿಗಳಲ್ಲಿ ಮುಕ್ತವಾಗಿ ಸಿಗುತ್ತವೆ. ದ್ವೀಪದಲ್ಲಿರುವ ತಂದೆಗೆ ಇರಲಿ ಎಂದು ಮಕ್ಕಳು ಪ್ರೀತಿಯಿಂದ ತರಬಹುದು. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಅವನ್ನು ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ನಿಲ್ದಾಣದಲ್ಲೇ ಬಂಧನವಾದ ಪ್ರಕರಣಗಳಿವೆ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಪುಟ್ಟ ಉಪಕರಣಗಳನ್ನೂ ತರಬೇಡಿ.

ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಮೂಲಕ ಹೋಗುತ್ತದೆ. ಅಲ್ಲಿ ಸಿಗ್ನಲ್ ನಿರೀಕ್ಷಿಸಬೇಡಿ. ಜಾರವಾ ಜನರ ಫೋಟೊ, ವಿಡಿಯೊ ತೆಗೆಯುವುದು ಶಿಕ್ಷಾರ್ಹ. ಅವರ ಬದುಕಿನ ಗೌರವಕ್ಕಾಗಿ ಇರುವ ನಿಯಮವಿದು. ಫೋನನ್ನು ಚೀಲದೊಳಗೇ ಇಡಿ.

ತುರ್ತಿಗೆ ದೇಶದೆಲ್ಲೆಡೆ 112. ಸಮುದ್ರದಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಯ 1554. ಎರಡನ್ನೂ ಮಕ್ಕಳಿಗೂ ಕಲಿಸಿ. ಉಳಿದ ಸಂಖ್ಯೆಗಳನ್ನು ಫೋನಿನಲ್ಲಿ +91 ಸೇರಿಸಿ ಉಳಿಸಿದರೆ ಯಾವ ದೇಶದಿಂದಲೂ ನೇರವಾಗಿ ಕರೆ ಹೋಗುತ್ತದೆ.

7. ಫೋನ್ ಕಳೆದರೆ

ಮೊದಲು ಸಿಮ್ ನಿಲ್ಲಿಸಬೇಕು, ಫೋನಿನ ಚಿಂತೆ ಆಮೇಲೆ. ವಿದೇಶದಿಂದ ಕರೆ ಮಾಡಬಹುದಾದ ನಿಮ್ಮ ಮೊಬೈಲ್ ಕಂಪನಿಯ ಸಂಖ್ಯೆ, ಬ್ಯಾಂಕಿನ ಸಂಖ್ಯೆ, ಫೋನಿನ ಎರಡೂ ಐಎಂಇಐ ಇವನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಸಿಮ್ ನಿಂತ ಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಭಾರತದಲ್ಲಿ ಕಳೆದಿದ್ದರೆ ಪೊಲೀಸ್ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ತಡೆಹಿಡಿಯಿರಿ. ಆಗ ಆ ಫೋನ್ ದೇಶದ ಯಾವ ಜಾಲದಲ್ಲೂ ನಡೆಯುವುದಿಲ್ಲ.

ಬದಲಿ ಸಿಮ್‌ಗೆ ನೀವೇ ಗುರುತಿನ ದಾಖಲೆಯೊಂದಿಗೆ ಹೋಗಬೇಕಾಗಬಹುದು. ವಿದೇಶದಲ್ಲಿರುವಾಗ ಅದು ಆಗದ ಕೆಲಸ, ದೂರದ ದ್ವೀಪದಲ್ಲಿ ಹಡಗಿನ ದಿನ ಕಾಯಬೇಕಾದ ಕೆಲಸ. ಆದ್ದರಿಂದ ಅಷ್ಟು ದಿನ ಖರ್ಚಿಗೆ ಒಟಿಪಿ ಬೇಡದ ದಾರಿಯೊಂದು ಇರಲಿ: ಸ್ವಲ್ಪ ನಗದು, ಮತ್ತು ಎಟಿಎಂನಲ್ಲಿ ಪಿನ್ ಒತ್ತಿ ಹಣ ತೆಗೆಯಬಹುದಾದ ಕಾರ್ಡ್. ವಿದೇಶಕ್ಕೆ ಹೋಗುವವರು ಆ ಕಾರ್ಡಿಗೆ ಅಂತರರಾಷ್ಟ್ರೀಯ ಬಳಕೆಯ ಅನುಮತಿಯನ್ನು ಹೊರಡುವ ಮುನ್ನವೇ ಬ್ಯಾಂಕ್ ಆ್ಯಪ್‌ನಲ್ಲಿ ತೆರೆದಿಡಬೇಕು.